ಬೀಗರೂಟದ ಮಾರನೇ ದಿನ, 0.018

ನಮ್ಮ ಮದ್ದೂರು ಕಡೆ ಮದುವೆಗೆ ಬರದಿದ್ದರೂ ನಡೆಯುತ್ತದೆ, ಬೀಗರೂಟಕ್ಕೆ ಬರದಿದ್ದರೆ ವರ್ಷಗಟ್ಟಲೆ ಮಾತು ಕೇಳಬೇಕು. ತಂಗಿಯ ಮದುವೆಗೆ ರಜೆ ಸಿಕ್ಕಿತ್ತು. ಬೀಗರೂಟದ ದಿನ ಹೇಗೂ ವಾರದ ಆಫ್. ಮಾರನೇ ದಿನ ಬೆಳಗ್ಗೆ 9:15ಕ್ಕೆ ಬೆಂಗಳೂರಿಂದ ಲಕ್ನೋ ಫ್ಲೈಟ್, ರಿಪೋರ್ಟಿಂಗ್ 8:15ಕ್ಕೆ. ನಾನು ಎಫ್‌ಓ. ಫಸ್ಟ್ ಆಫೀಸರ್, ಅಂದರೆ ಬಲಗಡೆ ಸೀಟಿನ ಪೈಲಟ್.

ಪೈಲಟ್ ಕೆಲಸಕ್ಕೆ ಸೇರಿದವರಿಗೆಲ್ಲ ಬಾಯಿಪಾಠ ಆಗಿರುವ ನಿಯಮ ಒಂದಿದೆ. ಹಾರುವುದಕ್ಕೆ 12 ಗಂಟೆ ಮುಂಚಿನಿಂದ ಒಂದು ಹನಿಯೂ ಮುಟ್ಟಬಾರದು. 1937ರ ವಿಮಾನ ನಿಯಮಗಳಲ್ಲಿ ಅದು 24ನೆಯದು. ಆ ಲೆಕ್ಕದಲ್ಲಿ ನನಗೆ ರಾತ್ರಿ 9:15ರವರೆಗೂ ಟೈಮ್ ಇತ್ತು. ನಾನು ಇನ್ನೂ ಹುಷಾರಾಗಿ ರಿಪೋರ್ಟಿಂಗ್‌ನಿಂದಲೇ ಲೆಕ್ಕ ಹಿಡಿದೆ. ಅದಕ್ಕೂ ಕಾಲು ಗಂಟೆ ಮೊದಲು, ಸರಿಯಾಗಿ 8ಕ್ಕೆ ಲೋಟ ಬೋರಲು ಹಾಕಿದೆ. ಹಾಕುವಾಗ ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡಿದ್ದೂ ನೆನಪಿದೆ.

ಎಡವಟ್ಟಾಗಿದ್ದು ಆ ಲೋಟದಲ್ಲೇ. ತೆಂಗಿನ ತೋಟದಲ್ಲಿ ಶಾಮಿಯಾನದ ಹಿಂದೆ ನಾವು ನಾಲ್ಕು ಜನ ಕೂತಿದ್ದೆವು. ಹಾಕಿಕೊಡುತ್ತಿದ್ದವನು ಮದುವೆ ಗಂಡಿನ ಚಿಕ್ಕಪ್ಪನ ಮಗ. ಅವನ ಕೈಯಲ್ಲಿ ಅಳತೆ ಅನ್ನುವುದು ಇರಲಿಲ್ಲ. ‘ಪೈಲಟ್ ಸಾಹೇಬ್ರು ಮೇಲಕ್ಕೋಗೋರು, ಪೆಟ್ರೋಲ್ ಜಾಸ್ತಿನೇ ಬೇಕು’ ಅಂತ ಸುರಿದ. ಸ್ಟೀಲ್ ಲೋಟದಲ್ಲಿ ಎಷ್ಟು ಹಾಕಿದರು ಅಂತ ಹೊರಗಿನಿಂದ ಕಾಣುವುದಿಲ್ಲ. ಸಂಜೆ 4ರಿಂದ 8ರ ತನಕ ನಾನು ಎಣಿಸಿದ್ದು ನಾಲ್ಕು ಲೋಟ. ನಾಲ್ಕು ಪೆಗ್ ಅಂದುಕೊಂಡೆ. ಆಮೇಲೆ ವಿಚಾರಿಸಿದಾಗ ಗೊತ್ತಾಗಿದ್ದು, ನಾಲ್ಕು ಜನ ಸೇರಿ ಖಾಲಿ ಮಾಡಿದ್ದು ಎರಡು ಫುಲ್ ಬಾಟಲಿ. ಅಂದರೆ ತಲೆಗೆ 375 ಎಂ.ಎಲ್.

ಈ ಲೆಕ್ಕ ಯಾರಿಗಾದರೂ ಬರುತ್ತದೆ. 30 ಎಂ.ಎಲ್. ಸ್ಮಾಲ್‌ನಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತದೆ. ಲಿವರ್ ಗಂಟೆಗೆ ಕರಗಿಸುವುದು ಹೆಚ್ಚುಕಡಿಮೆ 7-8 ಗ್ರಾಂ. ಒಬ್ಬೊಬ್ಬರಿಗೆ ಒಂದೊಂದು ಥರ, ಆದರೂ ಅಂದಾಜು ಅಷ್ಟೇ. 375 ಎಂ.ಎಲ್. ಅಂದರೆ 125 ಗ್ರಾಂ. ಅದು ಪೂರ್ತಿ ಖಾಲಿಯಾಗಲು 16-17 ಗಂಟೆ ಬೇಕು. ನಾನು ಶುರು ಮಾಡಿದ್ದು ಸಂಜೆ 4ಕ್ಕೆ. ಈಗ ಕೂಡಿ ನೋಡಿ. ಗಾಳಿಯ ವೇಗ, ಇಂಧನ, ತೂಕ ಅಂತ ದಿನಾ ಲೆಕ್ಕ ಹಾಕುವ ಮನುಷ್ಯ ನಾನು. ಇದನ್ನು ಮಾತ್ರ ಹಾಕಿರಲಿಲ್ಲ.

ರಾತ್ರಿ 11ಕ್ಕೆ ರಾಜರಾಜೇಶ್ವರಿ ನಗರದ ಮನೆಗೆ ಬಂದು ಮಲಗಿದೆ. ಐದಕ್ಕೆ ಎದ್ದಾಗ ತಲೆನೋವಿರಲಿಲ್ಲ. ಬಾಯಿ ಮಾತ್ರ ಒಣಗಿತ್ತು. ಹೆಂಡತಿ ನನ್ನ ಮುಖ ನೋಡಿ, ‘ಹುಷಾರಿಲ್ಲ ಅಂತ ಒಂದು ಫೋನ್ ಮಾಡಿಬಿಡಿ’ ಅಂದಳು. ಆ ತಿಂಗಳು ಆಗಲೇ ಎರಡು ಸಲ ಸಿಕ್ ಲೀವ್ ಹಾಕಿದ್ದೆ. ಮೂರನೆಯದಕ್ಕೆ ಯಾರಾದರೂ ಏನಾದರೂ ಕೇಳುತ್ತಾರೆ ಅನ್ನುವ ಅಳುಕು. ‘ರಿಪೋರ್ಟಿಂಗ್ ಹೊತ್ತಿಗೆ ಹನ್ನೆರಡು ಗಂಟೆ ಆಗಿರುತ್ತೆ ಬಿಡು’ ಅಂದೆ. ಊರಿಂದ ತಂದಿದ್ದ ಎಳನೀರು ಎರಡು ಕುಡಿದೆ, ಮೇಲೆ ಸ್ಟ್ರಾಂಗ್ ಕಾಫಿ. ಲಿವರ್‌ಗೆ ಎಳನೀರೂ ಒಂದೇ, ಕಾಫಿಯೂ ಒಂದೇ, ಅದು ತನ್ನ ಪಾಡಿಗೆ ತಾನು ಕೆಲಸ ಮಾಡುತ್ತದೆ.

6:15ಕ್ಕೆ ಕಂಪನಿ ಕ್ಯಾಬ್ ಬಂತು. ಡ್ರೈವರ್ ಪರಿಚಯದವರೇ. ಒಂದು ಕಿಲೋಮೀಟರ್ ಹೋಗುವುದರೊಳಗೆ ಅವರು ಏಸಿ ಆರಿಸಿ ತಮ್ಮ ಕಡೆಯ ಗಾಜು ನಾಲ್ಕು ಬೆರಳು ಇಳಿಸಿದರು. ಚಳಿಗಾಲದ ಬೆಳಗ್ಗೆ. ನಾನು ಕಾಲರ್ ಎಳೆದುಕೊಂಡೆ. ಅವರೂ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೆಬ್ಬಾಳ ಫ್ಲೈಓವರ್ ದಾಟುವ ತನಕ ಫೋನ್ ಕೈಯಲ್ಲೇ ಇತ್ತು. ಡ್ಯೂಟಿ ಹಂಚುವ ಕ್ರೂ ಕಂಟ್ರೋಲ್‌ನ ನಂಬರ್ ಎರಡು ಸಲ ತೆಗೆದು ನೋಡಿ ಮುಚ್ಚಿದೆ. ಇದನ್ನು ಇಲ್ಲಿ ಬರೆಯುವುದು ಸುಲಭ ಅಲ್ಲ. ಅನುಮಾನ ಇರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ.

ಬಿಎ ರೂಮ್ ಅಂದರೆ ನಮ್ಮಲ್ಲಿ ಬ್ರೆತ್ ಅನಲೈಸರ್ ಟೆಸ್ಟ್ ನಡೆಯುವ ಜಾಗ. ಒಂದು ಟೇಬಲ್, ಒಬ್ಬರು ಡಾಕ್ಟರ್, ಗೋಡೆ ಮೇಲೆ ಕ್ಯಾಮೆರಾ. ಊದುವುದೆಲ್ಲ ರೆಕಾರ್ಡ್ ಆಗುತ್ತದೆ. ಕೋವಿಡ್ ಬಂದಾಗ 2020ರಲ್ಲಿ ಸ್ವಲ್ಪ ಕಾಲ ಇದನ್ನು ನಿಲ್ಲಿಸಿದ್ದರು. ಆಮೇಲೆ ಇಷ್ಟು ಪರ್ಸೆಂಟ್ ಜನಕ್ಕೆ ಅಂತ ಶುರುವಾಗಿ 2022ರ ಅಕ್ಟೋಬರ್‌ನಿಂದ ಮತ್ತೆ ಎಲ್ಲರಿಗೂ ಬಂತು. ಸಾವಿರ ಸಲ ಊದಿರಬಹುದು ನಾನು. ಹಲ್ಲುಜ್ಜಿದಷ್ಟೇ ಮಾಮೂಲಿ. ಕ್ಯಾಪ್ಟನ್ ಮೇಡಂ ನನಗಿಂತ ಮುಂದಿದ್ದರು. ಅವರು ಊದಿದರು, 0.000. ಬ್ಯಾಗ್ ಎತ್ತಿಕೊಂಡು, ‘ಲಕ್ನೋದಲ್ಲಿ ಮಂಜು ಇದೆಯಂತೆ, ಬೇಗ ಬಾ’ ಅಂದು ಹೊರಗೆ ಹೋದರು.

ಹೊಸ ಕೊಳವೆ ಸಿಕ್ಕಿಸಿ ಕೊಟ್ಟರು. ಊದಿದೆ. ಬೀಪ್ ಬರುವ ತನಕ ಊದಬೇಕು. ಸೊನ್ನೆ ನಿಲ್ಲುವ ಜಾಗದಲ್ಲಿ ಅಂಕಿ ಓಡತೊಡಗಿತು. 0.018ಕ್ಕೆ ನಿಂತಿತು.

ಡಾಕ್ಟರ್ ಮುಖದಲ್ಲಿ ಏನೂ ಬದಲಾಗಲಿಲ್ಲ. ‘ಕೂತ್ಕೊಳ್ಳಿ ಸರ್. ಬೇಕಾದ್ರೆ ಮುಖ ತೊಳ್ಕೊಂಡು ಬಾಯಿ ಮುಕ್ಕಳಿಸಿ. ಇಪ್ಪತ್ತು ನಿಮಿಷ ಬಿಟ್ಟು ಇನ್ನೊಂದು ಸಲ ಮಾಡೋಣ’ ಅಂದರು. ನಿಯಮವೇ ಹಾಗೆ. ಮೊದಲನೆಯದು ಪಾಸಿಟಿವ್ ಬಂದರೆ 15-20 ನಿಮಿಷ ಬಿಟ್ಟು ಎರಡನೆಯದು. ಅದರಲ್ಲಿ ಸೊನ್ನೆ ಬಂದರೆ ಹಾರಬಹುದು. ಎದ್ದು ಹೋಗುವಂತಿಲ್ಲ. ಟೆಸ್ಟ್ ತಪ್ಪಿಸಿಕೊಂಡರೂ, ಒಲ್ಲೆ ಅಂದರೂ ಸಿಕ್ಕಿಬಿದ್ದ ಲೆಕ್ಕವೇ.

ಇಪ್ಪತ್ತೇ ನಿಮಿಷ ಯಾಕೆ ಅಂದರೆ, ಬಾಯಲ್ಲಿ ಉಳಿದ ಆಲ್ಕೋಹಾಲ್ ಅಷ್ಟರಲ್ಲಿ ಹೋಗಿಬಿಡುತ್ತದೆ. ಮೌತ್‌ವಾಶ್, ಕೆಮ್ಮಿನ ಸಿರಪ್, ಎಲ್ಲವೂ. 2025ರಲ್ಲಿ ಕೇರಳದ ಪಂದಳಂ ಡಿಪೋದಲ್ಲಿ ಕುಡಿಯದ ಬಸ್ ಡ್ರೈವರ್‌ಗಳು ಮೆಷಿನ್‌ಗೆ ಸಿಕ್ಕಿಬಿದ್ದಿದ್ದರು. ಕೊನೆಗೆ ನೋಡಿದರೆ ಕಾರಣ ಚೆನ್ನಾಗಿ ಹಣ್ಣಾದ ಹಲಸು! ಹುಳಿತ ಹಣ್ಣು ಬಾಯಲ್ಲಿ ಆ ಆಟ ಆಡುತ್ತದೆ. ಆದರೆ ಕಾದು ಊದಿದರೆ ಹಲಸು ಹೋಗುತ್ತದೆ. ರಕ್ತದಿಂದ ಶ್ವಾಸಕೋಶಕ್ಕೆ ಬರುವುದು ಹೋಗುವುದಿಲ್ಲ.

ಆ ದಿನ ಬೆಳಗ್ಗೆ ನಾನು ನೀಲಿ ಬಣ್ಣದ ಮೌತ್‌ವಾಶ್ ಹಾಕಿ ಮುಕ್ಕಳಿಸಿದ್ದೆ. ಆಲ್ಕೋಹಾಲ್ ಇರುವ ಮೌತ್‌ವಾಶ್ ಮತ್ತು ಟೂತ್ ಜೆಲ್ ಬಳಸಬಾರದು ಅಂತ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ 2023ರಲ್ಲೇ ಹೇಳಿಬಿಟ್ಟಿದೆ. ಅಂದರೆ ಅದೂ ತಪ್ಪೇ. ಆದರೂ ಆ ಇಪ್ಪತ್ತು ನಿಮಿಷ ನಾನು ಆ ನೀಲಿ ಬಾಟಲಿಯನ್ನು ದೇವರ ಹಾಗೆ ನೆನೆದೆ. ವಾಶ್‌ಬೇಸಿನ್ ಹತ್ತಿರ ಐದಾರು ಸಲ ಬಾಯಿ ಮುಕ್ಕಳಿಸಿದೆ. ನಲ್ಲಿ ಸರಿಯಾಗಿ ನಿಲ್ಲುತ್ತಿರಲಿಲ್ಲ, ತೊಟ್ಟಿಕ್ಕುತ್ತಲೇ ಇತ್ತು. ಕನ್ನಡಿಯಲ್ಲಿ ಭುಜದ ಮೇಲಿನ ಮೂರು ಪಟ್ಟಿ ಕಾಣುತ್ತಿತ್ತು. ಅದನ್ನು ನೋಡಲಾಗದೆ ಒಳಗೆ ಬಂದು ಕುರ್ಚಿಯಲ್ಲಿ ಕೂತೆ. ಆ ಹೊತ್ತಿಗೆ ನನ್ನ ಹಿಂದೆ ಬೇರೆ ಫ್ಲೈಟಿನವರು ಬರತೊಡಗಿದ್ದರು. ಒಬ್ಬೊಬ್ಬರೂ ಊದುವುದು, ಬೀಪ್, ಸಹಿ, ಗುಡ್ ಮಾರ್ನಿಂಗ್. ಮೂಲೆಯ ಕುರ್ಚಿಯಲ್ಲಿ ಯೂನಿಫಾರ್ಮ್ ಹಾಕಿಕೊಂಡು ಸುಮ್ನೆ ಕೂತವನು ಯಾಕೆ ಕೂತಿದ್ದಾನೆ ಅಂತ ಎಲ್ಲರಿಗೂ ಗೊತ್ತು. ಯಾರೂ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಪರವಾಗಿರಲಿಲ್ಲ.

ಎರಡನೇ ಸಲ ಊದುವ ಮುಂಚೆ ಮೆಷಿನ್ ಸರಿ ಇದೆಯಾ ಅಂತ ನೋಡಲು ಬೇರೆಯವರ ಕೈಲಿ ಊದಿಸುತ್ತಾರೆ. ಡ್ಯೂಟಿ ಆಫೀಸರ್ ಹುಡುಗಿಯನ್ನು ಕರೆದರು. ಕೆಲಸಕ್ಕೆ ಸೇರಿ ಆರು ತಿಂಗಳೂ ಆಗಿರಲಿಲ್ಲವೇನೋ. ಊದಿದಳು. 0.000. ನನ್ನ ಕಡೆ ತಿರುಗಿ, ‘ಸಾರಿ ಸರ್’ ಅಂದಳು, ಏನೋ ತಾನೇ ತಪ್ಪು ಮಾಡಿದ ಹಾಗೆ.

ನಾನು ಊದಿದೆ. 0.014.

ಇಳಿದಿತ್ತು. ಅದು ಇಳಿಯುವ ಪರಿಯೇ ನನ್ನನ್ನು ಹಿಡಿದುಕೊಟ್ಟಿತು. ಮೌತ್‌ವಾಶ್ ಆಗಿದ್ದರೆ ಸೊನ್ನೆಗೆ ಬಿದ್ದಿರಬೇಕಿತ್ತು. ಇದು ಲಿವರ್ ನಿಧಾನಕ್ಕೆ ಕೆಲಸ ಮಾಡುತ್ತಿದ್ದ ಲೆಕ್ಕ. ಇನ್ನೊಂದು ಗಂಟೆ ಕಾದಿದ್ದರೆ ಸೊನ್ನೆ ಆಗುತ್ತಿತ್ತೇನೋ. ಪ್ರಿಂಟರ್ ಕಿರ್ ಅಂತ ಚೀಟಿ ಬಿಟ್ಟಿತು. ಡಾಕ್ಟರ್, ಸಾಕ್ಷಿಯಾಗಿ ಆ ಹುಡುಗಿ, ನಾನು, ಮೂವರೂ ಸಹಿ ಹಾಕಿದೆವು. ಬ್ಯಾಂಕಿನವರು ನೋಡಿದರೆ ಒಪ್ಪದಂಥ ಸಹಿ ನನ್ನದು.

ಹೊರಗೆ ಮೇಡಂ ನಿಂತಿದ್ದರು. ಬೈಯಲಿಲ್ಲ. ‘ಒಂದು ಫೋನ್ ಮಾಡಿದ್ರೆ ಸಾಕಿತ್ತಲ್ಲೋ’ ಅಂದರು. ಅಷ್ಟೇ. ಸ್ಟ್ಯಾಂಡ್‌ಬೈ ಎಫ್‌ಓ ಬರುವ ಹೊತ್ತಿಗೆ ಫ್ಲೈಟ್ ಒಂದು ಗಂಟೆಗೂ ಜಾಸ್ತಿ ಲೇಟ್. ಅನೌನ್ಸ್‌ಮೆಂಟ್‌ನಲ್ಲಿ ‘ಆಪರೇಷನಲ್ ಕಾರಣ’ ಅಂತ ಹೇಳುತ್ತಾರಲ್ಲ, ಆ ದಿನ ಆ ಕಾರಣ ನಾನು. ನನ್ನ ದುಡ್ಡಲ್ಲೇ ಟ್ಯಾಕ್ಸಿ ಹಿಡಿದು ಮನೆಗೆ ಹೊರಟೆ. ದಾರಿಯಲ್ಲಿ ಫೋನ್ ತೆಗೆದು ಫ್ಲೈಟ್ ಟ್ರ್ಯಾಕರ್ ನೋಡಿದೆ. ವಿಮಾನ ಇನ್ನೂ ನಿಲ್ದಾಣದ ಪಾರ್ಕಿಂಗ್ ಬೇನಲ್ಲೇ ನಿಂತಿತ್ತು. ಮಧ್ಯಾಹ್ನ ನೋಡಿದಾಗ ನಾಗಪುರ ದಾಟಿತ್ತು.

ಶಿಕ್ಷೆಯ ಪಟ್ಟಿ ಎಲ್ಲರಿಗೂ ಗೊತ್ತು. ಮೊದಲ ಸಲ 3 ತಿಂಗಳು ಲೈಸೆನ್ಸ್ ಅಮಾನತು. ಎರಡನೇ ಸಲ 3 ವರ್ಷ. ಮೂರನೇ ಸಲ ಲೈಸೆನ್ಸೇ ರದ್ದು. ದೊಡ್ಡವರು ಚಿಕ್ಕವರು ಅಂತ ಇಲ್ಲ. 2018ರ ನವೆಂಬರ್‌ನಲ್ಲಿ ಏರ್ ಇಂಡಿಯಾದ ಆಪರೇಷನ್ಸ್ ನಿರ್ದೇಶಕರೇ ದಿಲ್ಲಿ-ಲಂಡನ್ ಫ್ಲೈಟಿಗೆ ಮುಂಚೆ ಬಿಎಯಲ್ಲಿ ಫೇಲಾಗಿ, ಅದು ಎರಡನೇ ಸಲ ಅಂತ 3 ವರ್ಷ ಮನೆಗೆ ಹೋದರು. ಆಗ ನಾವು ಟ್ರೈನಿ ಹುಡುಗರು ಕ್ಯಾಂಟೀನ್‌ನಲ್ಲಿ ಕೂತು ಅವರ ಬಗ್ಗೆ ಜೋಕ್ ಮಾಡಿದ್ದೆವು.

ನನ್ನಿಂದ ವಿವರಣೆ ಕೇಳಿ ಪತ್ರ ಬಂತು. ಒಬ್ಬ ಗೆಳೆಯ ಒಳ್ಳೆಯ ಮನಸ್ಸಿನಿಂದಲೇ ಸಲಹೆ ಕೊಟ್ಟ. ‘ಮೌತ್‌ವಾಶ್ ಅಂತ ಬರಿ. ಹೋಮಿಯೋಪತಿ ತಗೋತಿದ್ದೆ ಅಂತ ಸೇರಿಸು. ಮೆಷಿನ್ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಕೇಳು.’ ಎರಡು ಪುಟ ಬರೆದೆ. ತುಂಬಾ ಚೆನ್ನಾಗಿಯೇ ಬಂದಿತ್ತು. 12 ಗಂಟೆಯ ನಿಯಮ ಪಾಲಿಸಿದ್ದೇನೆ, ಸಾಕ್ಷಿಗಳಿದ್ದಾರೆ, ನನ್ನ ದಾಖಲೆ ಇಷ್ಟು ವರ್ಷ ಕ್ಲೀನ್, ಹೀಗೆ. ಹೆಂಡತಿಗೆ ಓದಿ ಹೇಳಿದೆ. ಅವಳು ಕೇಳಿಸಿಕೊಂಡು, ‘ಇದರಲ್ಲಿ ಸುಳ್ಳು ಒಂದೂ ಇಲ್ಲ, ಅಲ್ವಾ?’ ಅಂದಳು. ಇಲ್ಲ ಅಂದೆ. ‘ಮತ್ತೆ ನಿಜ ಎಲ್ಲಿದೆ?’ ಅಂದಳು. ರಾತ್ರಿ ಅದನ್ನು ಹರಿದು ಹೊಸದು ಬರೆದೆ. ನಾಲ್ಕು ಸಾಲು. ಹಿಂದಿನ ಸಂಜೆ 8ರ ತನಕ ಕುಡಿದಿದ್ದೆ. ಎಷ್ಟು ಅಂತ ಸರಿಯಾಗಿ ಅಳೆಯಲಿಲ್ಲ. ಬೆಳಗ್ಗೆ ಅನುಮಾನ ಇತ್ತು, ಆದರೂ ಬಂದೆ. ಫಲಿತಾಂಶ ಒಪ್ಪುತ್ತೇನೆ. ಶಿಕ್ಷೆ ಒಂದು ದಿನವೂ ಕಡಿಮೆಯಾಗಲಿಲ್ಲ. ಆಗುವುದಿಲ್ಲ ಅಂತ ಗೊತ್ತಿತ್ತು.

ಮೂರು ತಿಂಗಳು ಮನೆಯಲ್ಲಿ ಕೂತವನಿಗೆ ಕುತರ್ಕ ಬಹಳ ಹುಟ್ಟುತ್ತದೆ. ನಮ್ಮ ದೇಶದಲ್ಲಿ ಕಾರು ಓಡಿಸುವವರಿಗೆ 100 ಎಂ.ಎಲ್. ರಕ್ತದಲ್ಲಿ 30 ಮಿಲಿಗ್ರಾಂ ತನಕ ಬಿಟ್ಟಿದ್ದಾರೆ. ಮೆಷಿನ್‌ನ 0.018 ಆ ಲೆಕ್ಕದಲ್ಲಿ 18. ಅಂದರೆ ಅದೇ ಬೆಳಗ್ಗೆ ಬಳ್ಳಾರಿ ರಸ್ತೆಯಲ್ಲಿ ನಾನೇ ಕಾರು ಓಡಿಸಿದ್ದರೆ ಪೊಲೀಸರು ಹೋಗಿ ಅನ್ನುತ್ತಿದ್ದರು. ಬ್ರಿಟನ್ನಿನಲ್ಲಿ ಪೈಲಟ್‌ಗಳಿಗೇ 20ರ ಮಿತಿ. ಅಮೆರಿಕದಲ್ಲಿ 40, ಕುಡಿದು 8 ಗಂಟೆ ಆಗಿದ್ದರೆ ಸಾಕು. ಲಂಡನ್ನಿನಲ್ಲಿ ಪಾಸಾಗುವವನು ಬೆಂಗಳೂರಿನಲ್ಲಿ ಫೇಲು! ಇದನ್ನು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ. ಹೇಳಿ ಹೇಳಿ ಒಂದು ದಿನ ನನಗೇ ಬೇಜಾರಾಯಿತು. ನಮ್ಮಲ್ಲಿ ಸೊನ್ನೆ ಅಂತ ಗೊತ್ತಿದ್ದೇ ಲೈಸೆನ್ಸ್ ತಗೊಂಡಿದ್ದು ತಾನೇ?

ಒಳಕಿವಿಯ ವಿಷಯ ಓದಿದ ಮೇಲೆ ಆ ವಾದ ಪೂರ್ತಿ ಬಿಟ್ಟೆ. ದೇಹದ ಸಮತೋಲನ ನೋಡಿಕೊಳ್ಳುವ ಅಂಗ ಕಿವಿಯೊಳಗಿದೆ. ಆಲ್ಕೋಹಾಲ್ ಅಲ್ಲಿಗೂ ಸೇರುತ್ತದೆ, ಅಲ್ಲಿಂದ ಹೋಗುವುದು ತಡ. ರಕ್ತದಲ್ಲಿ ಸೊನ್ನೆ ಆದ ಮೇಲೂ ಎಷ್ಟೋ ಗಂಟೆ ತಲೆ ಪಟ್ಟನೆ ತಿರುಗಿಸಿದರೆ ಲೋಕ ಸಣ್ಣಗೆ ತಿರುಗುತ್ತದೆ. ಲಕ್ನೋ ಮಂಜಿನಲ್ಲಿ ಹೊರಗೆ ಏನೂ ಕಾಣದೆ ಮೀಟರ್ ನಂಬಿಕೊಂಡು ಇಳಿಯುವಾಗ, ಕೆಳಗೆ ಬಿದ್ದ ಚಾರ್ಟ್ ಎತ್ತಿಕೊಳ್ಳಲು ಬಗ್ಗಿ ಎದ್ದರೆ ಏನಾಗಬಹುದು ಅಂತ ಊಹಿಸಿದೆ. ಊಹೆ ಅಲ್ಲಿಗೇ ನಿಲ್ಲಿಸಿದೆ.

ಬೇರೆಯವರ ಕಥೆಗಳನ್ನೂ ಓದಿದೆ. 1990ರ ಮಾರ್ಚ್ 8ರಂದು ಅಮೆರಿಕದ ಫಾರ್ಗೋದಿಂದ ಮಿನಿಯಾಪೊಲಿಸ್‌ಗೆ ಹಾರಿದ ನಾರ್ತ್‌ವೆಸ್ಟ್ ಕಂಪನಿಯ ಬೋಯಿಂಗ್ 727 ವಿಮಾನದಲ್ಲಿ ಕಾಕ್‌ಪಿಟ್‌ನ ಮೂವರೂ ಕುಡಿದಿದ್ದರು. ಇಳಿದ ಮೇಲೆ ಹಿಡಿದರು, ಜೈಲಾಯಿತು. ಕ್ಯಾಪ್ಟನ್ ಲೈಲ್ ಪ್ರೌಸ್ ಜೈಲಿನಿಂದ ಬಂದು, ಕುಡಿತ ಬಿಟ್ಟು, ಲೈಸೆನ್ಸ್‌ಗಳನ್ನು ಮೊದಲಿನಿಂದ ಮತ್ತೆ ಸಂಪಾದಿಸಿ, ಅದೇ ಕಂಪನಿಯಲ್ಲಿ 747ರ ಕ್ಯಾಪ್ಟನ್ ಆಗಿ ನಿವೃತ್ತರಾದರು. 2001ರಲ್ಲಿ ಅಧ್ಯಕ್ಷ ಕ್ಲಿಂಟನ್ ಕ್ಷಮಾದಾನ ಕೊಟ್ಟರು. ಅಲ್ಲಿ 1970ರ ದಶಕದಿಂದಲೂ ಹಿಮ್ಸ್ ಅಂತ ಒಂದು ವ್ಯವಸ್ಥೆ ಇದೆ. ಚಟ ಹತ್ತಿದ ಪೈಲಟ್ ತಾನಾಗಿ ಮುಂದೆ ಬಂದರೆ ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಕಣ್ಣಿಟ್ಟು, ಮತ್ತೆ ಹಾರಲು ಬಿಡುತ್ತಾರೆ. ನಮ್ಮಲ್ಲಿ ಸಿಕ್ಕಿಬಿದ್ದವನಿಗೆ ದಾರಿ ಸ್ಪಷ್ಟವಾಗಿದೆ. ಸಿಕ್ಕಿಬೀಳುವ ಮುಂಚೆ ಬಾಯಿಬಿಡಬೇಕು ಅನ್ನುವವನಿಗೆ ಯಾವ ಬಾಗಿಲು ತಟ್ಟಬೇಕು ಅನ್ನುವುದೇ ಭಯ. ನನ್ನ ಅನಿಸಿಕೆ ಇದು.

ಕಂಪನಿ ಡಾಕ್ಟರ್ ಹೇಳಿದರು ಅಂತ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರಕ್ಕೂ ಹೋಗಿ ಬಂದೆ. ‘ನಂಗೇನೂ ಚಟ ಇಲ್ಲ’ ಅಂತ ಮನಸ್ಸಲ್ಲೇ ಹೇಳಿಕೊಂಡು ಹೋಗಿದ್ದೆ. ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಪ್ರಶ್ನೆಗಳ ಒಂದು ಪಟ್ಟಿ ಇದೆ. ಎಷ್ಟು ದಿನಕ್ಕೊಮ್ಮೆ, ಒಂದು ಸಲ ಕೂತರೆ ಎಷ್ಟು, ಮನೆಯವರು ಯಾವತ್ತಾದರೂ ಕಡಿಮೆ ಮಾಡು ಅಂದಿದ್ದಾರಾ, ಇಂಥವು. 8 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಹುಷಾರು ಅಂತ ಅರ್ಥ. ನನಗೆ ಬಂದಿದ್ದು 9. ‘ಒಂದು ಸಲ ಕೂತರೆ ಎಷ್ಟು’ ಅನ್ನುವ ಪ್ರಶ್ನೆಗೆ ನಾನು ‘ನಾಲ್ಕು’ ಅಂದಾಗ ಪ್ರಶ್ನೆ ಕೇಳುತ್ತಿದ್ದವರು ತಲೆ ಎತ್ತಿ, ‘ನಾಲ್ಕು ಏನು?’ ಅಂತ ಕೇಳಿದರು. ಬೀಗರೂಟದ ಲೋಟ ನೆನಪಾಯಿತು.

ಅಮ್ಮನಿಗೆ ‘ಟ್ರೈನಿಂಗ್ ಇದೆ, ಹಾರ್ತಾ ಇಲ್ಲ’ ಅಂತ ಹೇಳಿದ್ದೆ. ಊರಿಗೆ ಸುದ್ದಿ ಮುಟ್ಟಲು ಹತ್ತು ದಿನ ಹಿಡಿಯಿತು. ಅಮ್ಮ ಫೋನ್‌ನಲ್ಲಿ, ‘ಆ ಹುಡುಗ ಬಂದು ಅಳ್ತಾ ಕೂತಿದ್ದ ಕಣಪ್ಪ, ನಾನೇ ಜಾಸ್ತಿ ಹಾಕ್ದೆ ಅಂತ’ ಅಂದರು. ಅವನಿಗೆ ಫೋನ್ ಮಾಡಿ ಸಮಾಧಾನ ಮಾಡಬೇಕಾಯಿತು. ಹಾಕಿದವನು ಅವನು, ಆದರೆ ಎತ್ತಿ ಕುಡಿದಿದ್ದು ಯಾರು? ಹಾರಾಟದ ಭತ್ಯೆ ನಿಂತಿತ್ತು. ಟ್ರೈನಿಂಗ್ ಸಾಲದ ಕಂತಿಗೆ ಹೆಂಡತಿಯ ಸಂಬಳ ಹೋಯಿತು. ಅದರ ಬಗ್ಗೆ ಅವಳು ಇವತ್ತಿಗೂ ಒಂದು ಮಾತು ಆಡಿಲ್ಲ. ಆಡಿದ್ದರೆ ಹಗುರಾಗುತ್ತಿತ್ತು.

90 ದಿನದೊಳಗೆ ಮೂರು ಟೇಕಾಫ್, ಮೂರು ಲ್ಯಾಂಡಿಂಗ್ ಮಾಡಿರದ ಪೈಲಟ್ ಪ್ಯಾಸೆಂಜರ್ ಕೂರಿಸಿಕೊಂಡು ಹಾರುವಂತಿಲ್ಲ. ಹಾಗಾಗಿ ಅಮಾನತು ಮುಗಿದ ಮೇಲೆ ಸಿಮ್ಯುಲೇಟರ್. ಮೊದಲ ಲ್ಯಾಂಡಿಂಗ್ ದಬ್ ಅಂತ ಬಿತ್ತು. ಇನ್‌ಸ್ಟ್ರಕ್ಟರ್ ನಕ್ಕರು. ಮೂರು ತಿಂಗಳಲ್ಲಿ ನನ್ನನ್ನು ನೋಡಿ ಮುಖ ತಿರುಗಿಸದೆ ನಕ್ಕ ಮೊದಲ ಸಹೋದ್ಯೋಗಿ ಅವರು.

ಮತ್ತೆ ಡ್ಯೂಟಿಗೆ ಹೋದ ಮೊದಲ ದಿನ ಬಿಎ ರೂಮಿನಲ್ಲಿ ಕೈ ನಡುಗಿತು. ಹಿಂದಿನ ವಾರವಿಡೀ ಒಂದು ಹನಿಯೂ ಮುಟ್ಟಿರಲಿಲ್ಲ, ಆದರೂ. 0.000. ಡಾಕ್ಟರ್ ಬೇರೆಯವರು, ‘ನೆಕ್ಸ್ಟ್’ ಅಂದರು.

2018ರಲ್ಲಿ ಲಂಡನ್ನಿನ ಹೀಥ್ರೋದಲ್ಲಿ ಜಪಾನ್ ಏರ್‌ಲೈನ್ಸ್‌ನ ಒಬ್ಬ ಎಫ್‌ಓ ಸಿಕ್ಕಿಬಿದ್ದ. ಮಿತಿಗಿಂತ ಒಂಬತ್ತು ಪಟ್ಟು ಜಾಸ್ತಿ, 10 ತಿಂಗಳು ಜೈಲು. ಜೊತೆಗಿದ್ದ ಪೈಲಟ್‌ಗಳಿಗೆ ಗೊತ್ತಾಗಿರಲಿಲ್ಲ. ವಾಸನೆ ಹಿಡಿದು ಹೇಳಿದ್ದು ಕ್ರೂ ಬಸ್ಸಿನ ಡ್ರೈವರ್. ಇದನ್ನು ಓದಿದಾಗಿಂದ ನನಗೆ ಆ ನಾಲ್ಕು ಬೆರಳು ಇಳಿದ ಕಿಟಕಿ ಕಾಡುತ್ತಿತ್ತು. ಡ್ಯೂಟಿಗೆ ಬಂದು ಮೂರನೇ ವಾರ ಅದೇ ಡ್ರೈವರ್ ಸಿಕ್ಕರು. ಹೆಬ್ಬಾಳ ಬರುವ ತನಕ ಸುಮ್ಮನಿದ್ದು ಆಮೇಲೆ ಕೇಳಿಯೇಬಿಟ್ಟೆ.

‘ಅವತ್ತು ನಿಮಗೆ ವಾಸನೆ ಬಂದಿತ್ತಾ?’

‘ಬಂದಿತ್ತು ಸಾರ್.’

‘ಹೇಳಬೇಕಿತ್ತು.’

ಕನ್ನಡಿಯಲ್ಲಿ ನನ್ನನ್ನೇ ನೋಡಿದರು. ‘ಹೇಳಿದ್ರೆ ಬೈತಿರ್ಲಿಲ್ವಾ?’

ಸ್ವಲ್ಪ ಯೋಚನೆ ಮಾಡಿದೆ.

‘ಬೈತಿದ್ದೆ’ ಅಂದೆ.